ದಂತವಾಣಿಜ್ಯ ಮತ್ತು ಹಲ್ಲಿನ ಕವಚ: ಒಂದು ಚಾರಿತ್ರಿಕ ವಿವೇಚನೆ

ಶ್ರಾವಕನು ಜೀವನೋಪಾಯಕ್ಕಾಗಿ ಕೈಕೊಳ್ಳಬಾರದ ಹದಿನೈದು ವೃತ್ತಿಗಳನ್ನು ಜೈನ ಆಚಾರಗ್ರಂಥಗಳು ಹೆಸರಿಸಿವೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ವಾಣಿಜ್ಯಗ್ರಾಮದ ಆನಂದನೆಂಬ ಸಿರಿವಂತ ಗೃಹಸ್ಥನಿಗೆ ಭಗವಾನ್ ಮಹಾವೀರರು ಇವನ್ನು ಎಣಿಸಿ ಹೇಳುತ್ತಾರೆ. 12ನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿಯೂ, 13ನೆಯ ಶತಮಾನದಲ್ಲಿ ದಿಗಂಬರ ಪರಂಪರೆಯ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿಯೂ ಇವುಗಳನ್ನು ಪ್ರಸ್ತಾಪಿಸಿದ್ದಾರೆ. ಆ ಪಟ್ಟಿಯಲ್ಲಿ ದಂತವಾಣಿಜ್ಯವೂ ಒಂದು. ಆನೆಯ ದಂತ ಮಾತ್ರವಲ್ಲ, ತ್ರಸಜೀವಿಗಳ ಉಗುರು, ಮೂಳೆ, ಚರ್ಮ, ರೋಮಗಳನ್ನು ಅವು ದೊರೆಯುವ ಮೂಲಸ್ಥಾನದಲ್ಲಿಯೇ ಕೊಳ್ಳುವ ವ್ಯಾಪಾರವೆಲ್ಲ ಈ ಹೆಸರಿನೊಳಗೆ ಬರುತ್ತದೆ.

ಮೂಲಸ್ಥಾನದಲ್ಲಿ ಕೊಳ್ಳಬಾರದೆಂದು ಶಾಸ್ತ್ರಕಾರರು ಒತ್ತಿ ಹೇಳಿದ್ದೇಕೆ? ಹಳೆಯ ವ್ಯಾಖ್ಯಾನಗಳು ಕೊಡುವ ಕಾರಣ ವ್ಯಾಪಾರಿಗೆ ತಟ್ಟನೆ ಅರ್ಥವಾಗುವಂಥದು. ವರ್ತಕನು ಕಾಡಿನ ಬೇಡರಿಗೆ ಮುಂಗಡ ಹಣ ಕೊಟ್ಟು ದಂತ ತರಹೇಳುತ್ತಾನೆ. ವರ್ತಕ ಬರುವ ದಿನ ಹತ್ತಿರವಾಯಿತೆಂದು ಬೇಡರು ಆನೆಯನ್ನು ಕೊಲ್ಲುತ್ತಾರೆ. ಬಾಣ ಬಿಟ್ಟವನು ಬೇಡ, ಬಿಡಿಸಿದ್ದು ಹಣ. ಕನ್ನಡದಲ್ಲಿ ಮುಂಗಡಕ್ಕೆ ಸಂಚಕಾರವೆಂಬ ಹೆಸರಿದೆ. ಜೀವಕ್ಕೆ ಅಪಾಯವೊದಗಿದಾಗಲೂ ನಮ್ಮ ಜನ ‘ಪ್ರಾಣಕ್ಕೆ ಸಂಚಕಾರ ಬಂತು’ ಎನ್ನುತ್ತಾರೆ. ಒಂದೇ ಮಾತಿಗೆ ಈ ಎರಡು ಅರ್ಥಗಳು ಕೂಡಿಬಂದಿರುವುದು ದಂತವಾಣಿಜ್ಯದ ಮಟ್ಟಿಗಂತೂ ಅಕ್ಷರಶಃ ಸತ್ಯ.

ಈ ನಿಷೇಧವು ಹಳೆಯ ಕಾಲದ ಆನೆದಂತದ ವ್ಯಾಪಾರಕ್ಕಷ್ಟೇ ಸಂಬಂಧಿಸಿದ್ದೆಂದು ತೋರಬಹುದು. ಆದರೆ ಸವೆದ ಹಲ್ಲಿನ ಮೇಲೆ ಕೂರಿಸುವ ಕವಚದ ಚರಿತ್ರೆಯನ್ನು ನೋಡಿದರೆ, ಅದೇ ಪ್ರಶ್ನೆ ಮನುಷ್ಯನ ಬಾಯೊಳಗೇ ಇನ್ನೂರೈವತ್ತು ವರ್ಷಗಳ ಕಾಲ ಕುಳಿತಿದ್ದುದು ಕಾಣುತ್ತದೆ. ಜನರು ಕ್ಯಾಪ್ ಎಂದೂ ವೈದ್ಯರು ಕ್ರೌನ್ ಎಂದೂ ಕರೆಯುವ ಈ ಸಣ್ಣ ವಸ್ತುವನ್ನು ಯಾವುದರಿಂದ ಮಾಡಬೇಕು ಎಂಬ ಆಯ್ಕೆಯು ಬಲ, ಅಂದ, ಬೆಲೆಗಳ ಲೆಕ್ಕವಾಗಿರುವಂತೆ ಹಿಂಸೆ ಅಹಿಂಸೆಗಳ ಲೆಕ್ಕವೂ ಆಗಿದೆ.

ಮುನಿಮಾರ್ಗ ಮತ್ತು ಗೃಹಸ್ಥಮಾರ್ಗ

ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅದಂತಧಾವನವೂ ಸೇರಿದೆ. ಹಲ್ಲುಜ್ಜುವ ಸಂಸ್ಕಾರವನ್ನೂ ತೊರೆದು ದೇಹಮಮತೆಯನ್ನು ಕಡಿಮೆಮಾಡಿಕೊಳ್ಳುವ ವ್ರತವದು. ಗೃಹಸ್ಥನ ಮಾರ್ಗ ಬೇರೆ. ದೇಹವನ್ನು ಕಾಪಾಡಿಕೊಂಡು, ದಾನ, ಪೂಜೆ, ಸ್ವಾಧ್ಯಾಯಗಳನ್ನು ನಡೆಸುವುದು ಅವನ ಧರ್ಮ. ಆಹಾರವನ್ನು ಚೆನ್ನಾಗಿ ಅಗಿಯಲಾರದ ವೃದ್ಧರಿಗೆ ಏಕಾಶನದಂತಹ ನಿಯಮವೂ ಕಷ್ಟವಾಗುತ್ತದೆ. ಆದ್ದರಿಂದ ಹುಳುಕು ಬಿದ್ದ ಹಲ್ಲಿಗೆ ಚಿಕಿತ್ಸೆ ಮಾಡಿಸುವುದು ಗೃಹಸ್ಥನಿಗೆ ದೋಷವಲ್ಲ. ಹಲ್ಲಿನ ಹೊರಪದರವಾದ ಎನಾಮಲ್ ದೇಹದ ಅತ್ಯಂತ ಗಟ್ಟಿಯಾದ ವಸ್ತು. ಅದರ ತೂಕದಲ್ಲಿ ಶೇಕಡಾ 96ರಷ್ಟು ಖನಿಜಾಂಶವೇ ಇದೆ. ಆದರೆ ಒಮ್ಮೆ ಕಳೆದುಹೋದರೆ ಅದು ಮತ್ತೆ ಬೆಳೆಯುವುದಿಲ್ಲ. ಬೇರಿನ ನಾಳದ ಚಿಕಿತ್ಸೆಯಾದ ದವಡೆಹಲ್ಲು ಒಳಗೆ ಟೊಳ್ಳಾಗಿ, ಅಗಿಯುವಾಗ ಸೀಳುವ ಸಂಭವವಿರುವುದರಿಂದ ಅದರ ಮೇಲೆ ಕವಚ ಹಾಕುತ್ತಾರೆ. ಅಗತ್ಯವಿದ್ದಾಗ ಇದು ಆರಂಭೀ ಹಿಂಸೆಯ ಮಿತಿಯೊಳಗಿನ ದೇಹರಕ್ಷಣೆ. ಉಳಿಯುವುದು ಆ ಕವಚ ಎಲ್ಲಿಂದ ಬಂತು ಎಂಬ ಪ್ರಶ್ನೆ.

ಚಿನ್ನದ ಪಟ್ಟಿ, ಎತ್ತಿನ ಹಲ್ಲು

ಇಟಲಿಯ ಮಧ್ಯಭಾಗದಲ್ಲಿ ಬಾಳಿದ ಎಟ್ರಸ್ಕನ್ನರು ಕ್ರಿಸ್ತಪೂರ್ವ 7ನೆಯ ಶತಮಾನದಷ್ಟು ಹಿಂದೆಯೇ ತೆಳುವಾದ ಚಿನ್ನದ ಪಟ್ಟಿಗಳಿಂದ ಹಲ್ಲು ಕಟ್ಟುವ ವಿದ್ಯೆಯನ್ನು ಬಲ್ಲವರಾಗಿದ್ದರು. ಬಿದ್ದ ಹಲ್ಲಿನ ಜಾಗದಲ್ಲಿ ಮನುಷ್ಯರ ಹಲ್ಲನ್ನೋ, ಎತ್ತಿನ ಹಲ್ಲನ್ನು ಕೆತ್ತಿಯೋ ಕೂರಿಸುತ್ತಿದ್ದರು. ಅವರ ಗೋರಿಗಳಲ್ಲಿ ದೊರೆತ ಇಂತಹ ಪಟ್ಟಿಗಳು ಇಂದೂ ವಸ್ತುಸಂಗ್ರಹಾಲಯಗಳಲ್ಲಿವೆ. ರೋಮಿನಲ್ಲಿ ಕ್ರಿಸ್ತಪೂರ್ವ 450ರ ಸುಮಾರಿಗೆ ಬರೆಯಲಾದ ಹನ್ನೆರಡು ಫಲಕಗಳ ಶಾಸನವು ಶವದೊಂದಿಗೆ ಚಿನ್ನವನ್ನು ಹೂಳಬಾರದೆಂದು ವಿಧಿಸಿತು. ಆದರೆ ಹಲ್ಲು ಕಟ್ಟಿದ ಚಿನ್ನಕ್ಕೆ ವಿನಾಯಿತಿ ಕೊಟ್ಟಿತು. ಸತ್ತವನ ಬಾಯಿಗೆ ಕೈ ಹಾಕಬಾರದೆಂಬ ಮರ್ಯಾದೆಯನ್ನು ಆ ಪ್ರಾಚೀನ ಕಾನೂನು ಕಾಪಾಡಿತ್ತು. ಮುಂದಿನ ಕಾಲಕ್ಕೆ ಈ ಮರ್ಯಾದೆ ಉಳಿಯಲಿಲ್ಲ.

ನೀರ್ಗುದುರೆಯ ದಂತ ಮತ್ತು ಬಡವರ ಹಲ್ಲು

1728ರಲ್ಲಿ ಫ್ರಾನ್ಸಿನ ಪಿಯೇರ್ ಫೋಷಾರ್ ದಂತವೈದ್ಯದ ಬಗೆಗೆ ಬೃಹತ್ ಗ್ರಂಥವೊಂದನ್ನು ಪ್ರಕಟಿಸಿದ. ಹಲ್ಲಿನ ಬೇರಿನೊಳಗೆ ಚಿನ್ನದ ಅಥವಾ ಬೆಳ್ಳಿಯ ಕಡ್ಡಿಯನ್ನಿಟ್ಟು ಅದರ ಮೇಲೆ ಕೃತಕ ಹಲ್ಲನ್ನು ನಿಲ್ಲಿಸುವ ಕ್ರಮವನ್ನು ಅವನು ವಿವರಿಸಿದ್ದಾನೆ. ಇಂದಿನ ಕವಚಕ್ಕೆ ಇದು ಪೂರ್ವಜನೆನ್ನಬಹುದು. ಆದರೆ ಕಡ್ಡಿಯ ಮೇಲೆ ನಿಲ್ಲುತ್ತಿದ್ದುದು ಯಾವ ಹಲ್ಲು? ಆ ಕಾಲದ ಯೂರೋಪಿನಲ್ಲಿ ಆನೆ, ವಾಲ್ರಸ್ ಮತ್ತು ನೀರ್ಗುದುರೆಯ ದಂತಗಳನ್ನು ಕೆತ್ತಿ ಹಲ್ಲು ಮಾಡುತ್ತಿದ್ದರು. ನೀರ್ಗುದುರೆಯ ದಂತಕ್ಕೆ ಎನಾಮಲ್ಲಿನ ಹೊದಿಕೆ ಇರುವುದರಿಂದ ಅದಕ್ಕೆ ಹೆಚ್ಚಿನ ಬೇಡಿಕೆ. ಇಷ್ಟಾಗಿಯೂ ಬಾಯಿಯ ತೇವದಲ್ಲಿ ದಂತ ಕೊಳೆಯುತ್ತಿತ್ತು, ಹಳದಿಯಾಗುತ್ತಿತ್ತು, ದುರ್ವಾಸನೆ ಬೀರುತ್ತಿತ್ತು. ಆದಕಾರಣ ಹಣವಂತರು ಮನುಷ್ಯರ ಹಲ್ಲನ್ನೇ ಬಯಸಿದರು.

ಲಂಡನ್ನಿನ ಖ್ಯಾತ ಶಸ್ತ್ರವೈದ್ಯ ಜಾನ್ ಹಂಟರ್ 1771ರಲ್ಲಿ ಮನುಷ್ಯರ ಹಲ್ಲುಗಳ ಕುರಿತು ಗ್ರಂಥ ಬರೆದು, ಒಬ್ಬರ ಹಲ್ಲನ್ನು ಕಿತ್ತು ಇನ್ನೊಬ್ಬರ ದವಡೆಯಲ್ಲಿ ನೆಡುವ ಪ್ರಯೋಗಗಳಿಗೆ ಪ್ರಚಾರ ಕೊಟ್ಟ. ಕಾಸಿಗಾಗಿ ಹಲ್ಲು ಕೀಳಿಸಿಕೊಳ್ಳಲು ಬಂದವರು ಬಡವರ ಮಕ್ಕಳು. 1787ರಲ್ಲಿ ಥಾಮಸ್ ರೋಲಂಡ್‌ಸನ್ ಎಂಬ ವ್ಯಂಗ್ಯಚಿತ್ರಕಾರ ಈ ದೃಶ್ಯವನ್ನೇ ಕಟುವಾಗಿ ಚಿತ್ರಿಸಿದ. ಅಮೆರಿಕದ ಪ್ರಥಮ ರಾಷ್ಟ್ರಾಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಕೃತಕ ಹಲ್ಲುಗಳು ಮರದವೆಂಬ ದಂತಕಥೆ ಪ್ರಸಿದ್ಧವಾಗಿದೆ. ವಾಸ್ತವದಲ್ಲಿ ಅವು ನೀರ್ಗುದುರೆಯ ದಂತ, ಮನುಷ್ಯರ ಹಲ್ಲು ಹಾಗೂ ಲೋಹಗಳಿಂದ ಆದವು. ಅವನ ಎಸ್ಟೇಟಿನ 1784ರ ಲೆಕ್ಕದ ಪುಸ್ತಕದಲ್ಲಿ ದಂತವೈದ್ಯನೊಬ್ಬನ ಹೆಸರಿನಲ್ಲಿ, ಒಂಬತ್ತು ಹಲ್ಲುಗಳಿಗಾಗಿ ನೀಗ್ರೋಗಳಿಗೆ ಕೊಟ್ಟದ್ದು 6 ಪೌಂಡ್ 2 ಷಿಲಿಂಗ್ ಎಂಬ ಖರ್ಚು ದಾಖಲಾಗಿದೆ. ಗುಲಾಮನು ತನ್ನ ಹಲ್ಲನ್ನು ಮಾರಲಾರೆನೆಂದು ಹೇಳಬಲ್ಲನೇ? ಲೆಕ್ಕದ ಪುಸ್ತಕದಲ್ಲಿ ಅದು ಕ್ರಯ. ಧರ್ಮದ ಪುಸ್ತಕದಲ್ಲಿ ಅದಕ್ಕೆ ಬೇರೆಯೇ ಹೆಸರಿದೆ.

1815ರ ಜೂನ್ 18ರಂದು ವಾಟರ್ಲೂ ಯುದ್ಧ ನಡೆಯಿತು. ರಣರಂಗದಲ್ಲಿ ಬಿದ್ದಿದ್ದ ಸಾವಿರಾರು ತರುಣ ಸೈನಿಕರ ಹಲ್ಲುಗಳನ್ನು ಕಿತ್ತು ಮಾರುವವರು ಹುಟ್ಟಿಕೊಂಡರು. ಇಂಗ್ಲೆಂಡಿನಲ್ಲಿ ಇಂತಹ ಹಲ್ಲುಗಳಿಗೆ ವಾಟರ್ಲೂ ಹಲ್ಲುಗಳೆಂಬ ಹೆಸರೇ ಬಂತು. ಹುಳುಕಿಲ್ಲದ ತರುಣರ ಹಲ್ಲೆಂಬುದೇ ಅವುಗಳ ಹೆಗ್ಗಳಿಕೆ! ಕೊಂಡವರು ಯಾರನ್ನೂ ಕೊಲ್ಲಲಿಲ್ಲ, ನಿಜ. ಆದರೆ ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಲ್ಲಿ ಪಾಪದ ಆಸ್ರವವನ್ನು ಹೇಳುವ ಜೈನಶಾಸ್ತ್ರದ ದೃಷ್ಟಿಯಲ್ಲಿ, ತಾನೇ ಮಾಡಲಿಲ್ಲವೆಂಬ ಒಂದೇ ಮಾತಿನಿಂದ ಲೆಕ್ಕ ಚುಕ್ತಾ ಆಗುವುದಿಲ್ಲ.

ಪಿಂಗಾಣಿಯ ಆಗಮನ

ಇದಕ್ಕೆ ಪರ್ಯಾಯ ಅಷ್ಟರಲ್ಲಾಗಲೇ ಹುಟ್ಟಿತ್ತು. ಪ್ಯಾರಿಸ್ಸಿನ ಬಳಿಯ ಸೇಂಟ್ ಜರ್ಮೇನ್ ಎಂಬಲ್ಲಿ ಡ್ಯುಷಾಟೋ ಎಂಬ ಔಷಧಿ ವ್ಯಾಪಾರಿಯಿದ್ದ. ಅವನ ದಂತದ ಹಲ್ಲುಗಳು ಅವನು ತಯಾರಿಸುತ್ತಿದ್ದ ಔಷಧಿಗಳ ವಾಸನೆಯನ್ನೆಲ್ಲ ಹೀರಿಕೊಂಡು ಅಸಹ್ಯವಾಗಿದ್ದವು. 1774ರ ಸುಮಾರಿಗೆ ಅವನು ಪಿಂಗಾಣಿ ಕಾರ್ಖಾನೆಯೊಂದರ ನೆರವಿನಿಂದ ಪಿಂಗಾಣಿಯ ಹಲ್ಲುಗಳನ್ನು ಮಾಡಿಸಿದ. ಬೇಯಿಸುವಾಗ ಪಿಂಗಾಣಿ ಕುಗ್ಗುತ್ತಿದ್ದುದರಿಂದ ಅಳತೆ ಕೂಡಿಬರುವುದು ಕಷ್ಟವಾಯಿತು. ನಿಕೋಲಾ ಡ್ಯುಬುವಾ ದ ಷೆಮಾಂ ಎಂಬ ದಂತವೈದ್ಯ ಆ ಮಿಶ್ರಣವನ್ನು ತಿದ್ದಿ, ಫ್ರಾನ್ಸಿನ ಕ್ರಾಂತಿಯ ಬಳಿಕ ಇಂಗ್ಲೆಂಡಿಗೆ ಹೋಗಿ ಅಲ್ಲಿಯೂ ಪೇಟೆಂಟ್ ಪಡೆದು ಪಿಂಗಾಣಿಯ ಹಲ್ಲುಗಳನ್ನು ಮಾರಿದ. 1808ರಲ್ಲಿ ಇಟಲಿ ಮೂಲದ ಫೋಂಜಿ ಎಂಬಾತ ಪ್ಯಾರಿಸ್ಸಿನಲ್ಲಿ ಪ್ಲಾಟಿನಂ ಕೊಂಡಿಗಳುಳ್ಳ ಬಿಡಿ ಪಿಂಗಾಣಿ ಹಲ್ಲುಗಳನ್ನು ಪ್ರದರ್ಶಿಸಿದ.

ಇಲ್ಲಿ ಎರಡು ಸಂಗತಿಗಳು ವಿಚಾರಾರ್ಹ. ಒಂದು, ಪಿಂಗಾಣಿ ಹಲ್ಲು ದಯೆಯಿಂದ ಹುಟ್ಟಿದ್ದಲ್ಲ, ದುರ್ವಾಸನೆಯಿಂದ ಹುಟ್ಟಿದ್ದು. ಎರಡು, ಪರ್ಯಾಯ ಕಣ್ಣೆದುರಿಗಿದ್ದರೂ ಜನ ಒಡನೆ ಅದನ್ನು ಒಪ್ಪಲಿಲ್ಲ. ವಾಟರ್ಲೂ ನಡೆದದ್ದು ಪಿಂಗಾಣಿ ಹಲ್ಲು ಹುಟ್ಟಿ ನಲವತ್ತು ವರ್ಷಗಳಾದ ಮೇಲೆ. ಲಂಡನ್ನಿನಲ್ಲಿ ಕ್ಲಾಡಿಯಸ್ ಆಷ್ ಎಂಬ ಅಕ್ಕಸಾಲಿಯೂ, ಅಮೆರಿಕದ ಫಿಲಡೆಲ್ಫಿಯಾದಲ್ಲಿ 1844ರಿಂದ ಸ್ಯಾಮ್ಯುಯೆಲ್ ಸ್ಟಾಕ್ಟನ್ ವೈಟ್ ಎಂಬಾತನೂ ಒಳ್ಳೆಯ ಪಿಂಗಾಣಿ ಹಲ್ಲುಗಳನ್ನು ಹೇರಳವಾಗಿ ತಯಾರಿಸಿ ಅಗ್ಗವಾಗಿ ಒದಗಿಸಿದ ಮೇಲೆಯೇ ಸತ್ತವರ ಹಲ್ಲಿನ ವ್ಯಾಪಾರ ಕ್ರಮೇಣ ಕುಗ್ಗಿತು. ಉಪದೇಶದಿಂದ ಆಗದುದನ್ನು ಬೆಲೆ ಮಾಡಿತು. ವ್ಯಾಪಾರಿಯ ಕೈಯಲ್ಲಿ ಅಹಿಂಸೆಗೆ ಎಷ್ಟು ದೊಡ್ಡ ಸಾಧನವಿದೆ ಎಂಬುದಕ್ಕೆ ಇದೊಂದು ನಿದರ್ಶನ. ಹಿಂಸೆಯ ವಸ್ತುವನ್ನು ಮಾರದಿರುವುದು ವ್ರತದ ಅರ್ಧ. ಅಹಿಂಸೆಯ ವಸ್ತುವನ್ನು ಸುಲಭ ಬೆಲೆಗೆ ದೊರಕಿಸುವುದು ಇನ್ನರ್ಧ.

ಮೇಣದ ಅಚ್ಚು, ಚಿನ್ನದ ಕವಚ

ಹಲ್ಲನ್ನು ಪೂರ್ತಿ ಮುಚ್ಚುವ ಇಂದಿನ ರೂಪದ ಕವಚಗಳು 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಂದವು. ಡೆಟ್ರಾಯಿಟ್ ನಗರದ ಚಾರ್ಲ್ಸ್ ಲ್ಯಾಂಡ್ 1903ರಲ್ಲಿ ಇಡೀ ಪಿಂಗಾಣಿಯದೇ ಆದ ಕವಚವನ್ನು ಬಳಕೆಗೆ ತಂದ. ನೋಡಲು ಅಂದವಾಗಿದ್ದರೂ ಅದು ಬಿರುಕು ಬಿಡುತ್ತಿತ್ತು. 1907ರಲ್ಲಿ ಅಮೆರಿಕದ ವಿಲಿಯಂ ಟ್ಯಾಗರ್ಟ್ ಮೇಣದ ಅಚ್ಚಿನಿಂದ ಚಿನ್ನವನ್ನು ಎರಕ ಹೊಯ್ಯುವ ಕ್ರಮವನ್ನು ದಂತವೈದ್ಯರ ಮುಂದಿಟ್ಟ. ಮೊದಲು ಮೇಣದಲ್ಲಿ ಆಕೃತಿ, ಅದರ ಸುತ್ತ ಮಣ್ಣಿನಂತಹ ಲೇಪ, ಕಾಯಿಸಿದಾಗ ಮೇಣ ಹೋಗಿ ಉಳಿಯುವ ಪೊಳ್ಳಿಗೆ ಲೋಹ. ನಮ್ಮ ಬಸದಿಗಳ ಪಂಚಲೋಹದ ಜಿನಬಿಂಬಗಳು ರೂಪುಗೊಂಡದ್ದೂ ಈ ಕ್ರಮದಲ್ಲಿಯೇ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಇದನ್ನು ವಿವರಿಸಿದ್ದಾನೆ. ಚಿನ್ನದ ಕವಚ ದೀರ್ಘಕಾಲ ಬಾಳುತ್ತದೆ, ಎದುರಿನ ಹಲ್ಲನ್ನು ಸವೆಸುವುದಿಲ್ಲ, ಹಲ್ಲನ್ನು ಹೆಚ್ಚು ಉಜ್ಜುವ ಅಗತ್ಯವೂ ಇಲ್ಲ. ಈ ಮೂರು ಗುಣಗಳಲ್ಲಿ ಇಂದಿಗೂ ಅದಕ್ಕೆ ಸರಿಸಾಟಿ ದುರ್ಲಭ.

ಆದರೆ ಚಿನ್ನ ಪರಿಗ್ರಹದ ವಸ್ತು. ಹನ್ನೆರಡು ಫಲಕಗಳ ಶಾಸನ ಯಾವ ಚಿನ್ನವನ್ನು ಮುಟ್ಟಬಾರದೆಂದಿತ್ತೋ, ಅದನ್ನೇ 20ನೆಯ ಶತಮಾನದ ಜರ್ಮನಿಯ ನಾಜಿ ಆಡಳಿತ ವ್ಯವಸ್ಥಿತವಾಗಿ ಕಿತ್ತಿತು. ಯಾತನಾ ಶಿಬಿರಗಳಲ್ಲಿ ಕೊಂದ ಯೆಹೂದ್ಯರ ಬಾಯಿಂದ ಚಿನ್ನದ ಹಲ್ಲುಗಳನ್ನು ಕೀಳುವ ಕೆಲಸವನ್ನು ಸೆರೆಯಾಳುಗಳಿಂದಲೇ ಬಲವಂತವಾಗಿ ಮಾಡಿಸಲಾಯಿತು. 1942ರಿಂದ ಜರ್ಮನಿಯ ಕೇಂದ್ರ ಬ್ಯಾಂಕಿಗೆ ಜಮೆಯಾದ ಲೂಟಿಯಲ್ಲಿ ಈ ಚಿನ್ನವೂ ಸೇರಿತ್ತು. ಕರಗಿಸಿ ಗಟ್ಟಿಮಾಡಿದ ಚಿನ್ನಕ್ಕೆ ಹಿಂದಿನ ಒಡೆಯನ ನೆನಪಿರುವುದಿಲ್ಲ. ವಸ್ತುವಿನ ಮೂಲ ಮರೆಯಾಗುವುದು ಎಂದರೆ ಏನೆಂಬುದಕ್ಕೆ ಇದಕ್ಕಿಂತ ಭೀಕರವಾದ ಉದಾಹರಣೆ ಚರಿತ್ರೆಯಲ್ಲಿ ವಿರಳ.

ಹಿಂಸೆ ಸ್ಥಳ ಬದಲಿಸಿದ ಬಗೆ

1962ರಲ್ಲಿ ಅಮೆರಿಕದ ವೈನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು ಲೋಹದ ಮೇಲೆ ಪಿಂಗಾಣಿಯನ್ನು ಬೆಸೆಯುವ ಕ್ರಮಕ್ಕೆ ಪೇಟೆಂಟ್ ಪಡೆದರು. ಒಳಗೆ ಲೋಹದ ಬಲ, ಹೊರಗೆ ಹಲ್ಲಿನ ಬಣ್ಣ ಎಂಬ ಈ ಕವಚ ಜಗತ್ತಿನಾದ್ಯಂತ ಹಬ್ಬಿತು. 1971ರಲ್ಲಿ ಅಮೆರಿಕವು ಡಾಲರಿಗೂ ಚಿನ್ನಕ್ಕೂ ಇದ್ದ ನಂಟನ್ನು ಕಡಿದ ಮೇಲೆ, ಔನ್ಸಿಗೆ 35 ಡಾಲರಿದ್ದ ಚಿನ್ನ 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿತು. ಆಗ ಅಗ್ಗದ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹಗಳು ಚಿನ್ನದ ಜಾಗಕ್ಕೆ ಬಂದವು. ಎರಕ ಸಲೀಸಾಗಲೆಂದು ಕೆಲವಕ್ಕೆ ಬೆರಿಲಿಯಂ ಬೆರೆಸುತ್ತಿದ್ದರು.

ಕವಚ ಧರಿಸಿದವನಿಗೆ ಅಗ್ಗವಾಯಿತು. ಬೆಲೆ ತೆತ್ತವನು ಅದನ್ನು ಉಜ್ಜಿ ಹೊಳಪು ಕೊಡುವ ದಂತ ಲ್ಯಾಬಿನ ಕೆಲಸಗಾರ. ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ವಾಸಿಯಾಗದ ರೋಗ ತರುತ್ತದೆ. 2002ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತೆಯ ಇಲಾಖೆ ದಂತ ಲ್ಯಾಬುಗಳಿಗೆ ಈ ಕುರಿತು ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಎರಕದ ಲೇಪದಲ್ಲಿರುವ ಬೆಣಚುಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ. 1994ರಿಂದ 2000ದವರೆಗೆ ಆ ದೇಶದ ಐದು ರಾಜ್ಯಗಳಲ್ಲಿ ಒಂಬತ್ತು ಮಂದಿ ದಂತ ಲ್ಯಾಬ್ ಕೆಲಸಗಾರರಲ್ಲಿ ಆ ರೋಗ ದಾಖಲಾಗಿದೆ. ಕಟ್ಟುನಿಟ್ಟಿನ ಕಾನೂನುಗಳಿರುವ ದೇಶದ ಸ್ಥಿತಿಯೇ ಹೀಗಾದರೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಮುಖಕ್ಕೆ ಬಟ್ಟೆಯೂ ಇಲ್ಲದೆ ದುಡಿಯುವವರ ಪಾಡನ್ನು ಊಹಿಸಬಹುದು. ನಿಕ್ಕಲ್ಲಿಗೆ ಬದಲಾಗಿ ಬಳಸುವ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳೂ ದುಡಿಯುತ್ತಿದ್ದುದು ವರದಿಯಾಗಿದೆ. ದಂತವೈದ್ಯಕ್ಕೆ ಹೋಗುವುದು ಅದರ ಅಲ್ಪಾಂಶ ಮಾತ್ರ. ಆದರೂ ಅದು ಶೂನ್ಯವಲ್ಲ.

ಹೀಗೆ ಆನೆಯೂ ಬಡವನ ಹಲ್ಲೂ ಬಾಯಿಂದ ಹೊರಬಿದ್ದವು. ಆದರೆ ಹಿಂಸೆ ಇಲ್ಲವಾಗಲಿಲ್ಲ. ಕಣ್ಣಿಗೆ ಕಾಣದಷ್ಟು ದೂರ ಸರಿಯಿತು. ಹಿಂದೆ ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಇನ್ನೊಬ್ಬರ ಹಲ್ಲೆಂದು ಗೊತ್ತಿತ್ತು. ಇಂದು ಏನೂ ಗೊತ್ತಿರುವುದಿಲ್ಲ.

ಇಂದಿನ ಆಯ್ಕೆ

ಇತ್ತೀಚಿನ ವಸ್ತು ಜಿರ್ಕೋನಿಯಾ. 1975ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದಕ್ಕೆ ಪಿಂಗಾಣಿ ಉಕ್ಕೆಂಬ ಬಿರುದು ಕೊಟ್ಟರು. 2000ದ ನಂತರ ಅದು ಕವಚಗಳಿಗೆ ವ್ಯಾಪಕವಾಗಿ ಬಳಕೆಗೆ ಬಂತು. ಕಡಲತೀರದ ಮರಳಿನಲ್ಲಿ ದೊರೆಯುವ ಜಿರ್ಕಾನ್ ಎಂಬ ಖನಿಜ ಅದರ ಮೂಲ. ನಮ್ಮ ನೆರೆಯ ಕೇರಳ, ತಮಿಳುನಾಡು ಕರಾವಳಿಗಳಲ್ಲೂ ಅಂತಹ ಮರಳಿದೆ. ಬಾಗಿಸಿದಾಗ ಮುರಿಯದೆ ತಡೆಯುವ ಬಲವನ್ನು ಮೆಗಾಪಾಸ್ಕಲ್ ಎಂಬ ಮಾನದಲ್ಲಿ ಅಳೆದರೆ ಹಳೆಯ ಪಿಂಗಾಣಿಗೆ ಸುಮಾರು 60ರಿಂದ 100, ಲಿಥಿಯಂ ಡೈಸಿಲಿಕೇಟ್ ಎಂಬ ಗಾಜುಪಿಂಗಾಣಿಗೆ 400ರ ಆಸುಪಾಸು, ಗಟ್ಟಿ ಬಗೆಯ ಜಿರ್ಕೋನಿಯಾಕ್ಕೆ 900ರಿಂದ 1200. ಲೋಹಕ್ಕೆ ಪಿಂಗಾಣಿ ಬೆಸೆದ ಕವಚಕ್ಕಾಗಿ ಹಲ್ಲನ್ನು ಒಂದೂವರೆಯಿಂದ ಎರಡು ಮಿಲಿಮೀಟರಿನಷ್ಟು ಉಜ್ಜಬೇಕಾದರೆ, ಇಡಿಯ ಜಿರ್ಕೋನಿಯಾಕ್ಕೆ ಸುಮಾರು ಒಂದು ಮಿಲಿಮೀಟರ್ ಸಾಕಾಗುತ್ತದೆ. ದವಡೆಹಲ್ಲಿಗೆ ಬಲ ಮುಖ್ಯ, ಮುಂಬಾಯಿಯ ಹಲ್ಲಿಗೆ ಪಾರದರ್ಶಕವಾದ ಗಾಜುಪಿಂಗಾಣಿ ಒಪ್ಪುತ್ತದೆ. ನಿಕ್ಕಲ್ ಒಗ್ಗದವರು, ಅಂದರೆ ಅಗ್ಗದ ಬಳೆ, ಓಲೆಗಳಿಂದ ಚರ್ಮದಲ್ಲಿ ತುರಿಕೆ ಏಳುವವರು, ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸುವುದು ಒಳಿತು.

ಶ್ರಾವಕ ಕುಟುಂಬಗಳಲ್ಲಿ ಏಳುವ ಶಂಕೆಯೊಂದಕ್ಕೆ ಇಲ್ಲಿ ಸಮಾಧಾನ ಹೇಳಬಹುದು. ಬೋನ್ ಚೈನಾ ಬಟ್ಟಲುಗಳಲ್ಲಿ ಸುಟ್ಟ ಮೂಳೆಯ ಬೂದಿ ಇರುವುದರಿಂದ ಹಲವು ಮನೆಗಳಲ್ಲಿ ಅವನ್ನು ಬಳಸುವುದಿಲ್ಲ. ಹಲ್ಲಿನ ಪಿಂಗಾಣಿ ಆ ಜಾತಿಯದಲ್ಲ. ಅದು ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನಂತಹ ಖನಿಜಗಳಿಂದಾದುದು. ಆದರೆ ಕವಚದ ಕೆಳಗೆ, ದವಡೆಯಲ್ಲಿ ಲೋಹದ ಬೇರು ನೆಡುವ ಇಂಪ್ಲಾಂಟ್ ಚಿಕಿತ್ಸೆಯಲ್ಲಿ ಎಚ್ಚರ ಬೇಕು. ಕರಗಿದ ಮೂಳೆಯನ್ನು ತುಂಬಲು ದನದ ಮೂಳೆಯಿಂದ ಸಂಸ್ಕರಿಸಿದ ಪುಡಿಯನ್ನೂ, ಹಂದಿಯ ಅಥವಾ ದನದ ಚರ್ಮಾದಿಗಳಿಂದ ತೆಗೆದ ಕೊಲಾಜೆನ್ ಪೊರೆಯನ್ನೂ ಬಳಸುವುದುಂಟು. ರೋಗಿ ಕೇಳದಿದ್ದರೆ ಈ ಮಾತು ಪ್ರಸ್ತಾಪಕ್ಕೇ ಬರದೆ ಹೋಗಬಹುದು. ಕ್ಯಾಲ್ಸಿಯಂ ಫಾಸ್ಫೇಟಿನ ಕೃತಕ ಪುಡಿಗಳೂ, ರೋಗಿಯ ಸ್ವಂತ ಮೂಳೆಯ ಬಳಕೆಯೂ ಪರ್ಯಾಯಗಳಾಗಿ ಇವೆ. ಯಾರಿಗೆ ಯಾವುದು ಹೊಂದುತ್ತದೆಂಬುದನ್ನು ವೈದ್ಯರು ನಿರ್ಧರಿಸಬೇಕು; ಕೇಳುವ ಹೊಣೆ ರೋಗಿಯದು.

ಮತ್ತೊಂದು ಪ್ರಶ್ನೆ ಅಗತ್ಯದ್ದು. ಪ್ರಯೋಜನವಿಲ್ಲದ ಹಿಂಸೆಯನ್ನು ಶಾಸ್ತ್ರವು ಅನರ್ಥದಂಡವೆಂದು ಕರೆಯುತ್ತದೆ. ಹುಳುಕಿಲ್ಲದ, ಗಟ್ಟಿಮುಟ್ಟಾದ ಹಲ್ಲುಗಳನ್ನು ನಗೆಯ ಅಂದಕ್ಕಾಗಿ ಉಜ್ಜಿ ಸಾಲಾಗಿ ಕವಚ ತೊಡಿಸುವ ರೂಢಿ ಇಂದು ಬೆಳೆಯುತ್ತಿದೆ. ಅಲ್ಲಿ ಕಳೆದುಹೋಗುವ ಎನಾಮಲ್ ಸ್ವಂತದ್ದೇ ಆದರೂ, ಅದಕ್ಕೆ ಬೇಕಾಗುವ ಗಣಿ, ಕುಲುಮೆ, ಧೂಳುಗಳು ಪರರವು.

ಟ್ರಸ್ಟುಗಳಿಗೂ ಇಲ್ಲಿ ಕರ್ತವ್ಯವಿದೆ. ಔಷಧದಾನ ಶ್ರಾವಕರ ಚತುರ್ವಿಧ ದಾನಗಳಲ್ಲೊಂದು. ಧರ್ಮಸ್ಥಳದ ಶ್ರೀ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯು 1986ರಲ್ಲಿ ಧಾರವಾಡದಲ್ಲಿ ದಂತವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದು ನಾಡಿನ ಜನರಿಗೆ ತಿಳಿದ ವಿಷಯ. ದಂತ ಶಿಬಿರಗಳನ್ನು ನಡೆಸುವ ಟ್ರಸ್ಟುಗಳು ದರಪಟ್ಟಿ ತರಿಸುವಾಗ ಮಿಶ್ರಲೋಹದಲ್ಲಿ ಬೆರಿಲಿಯಂ ಇಲ್ಲವೆಂಬ ಲಿಖಿತ ಹೇಳಿಕೆಯನ್ನೂ, ಲ್ಯಾಬಿನಲ್ಲಿ ಧೂಳು ಹೀರುವ ಯಂತ್ರವೂ ಕೆಲಸಗಾರರಿಗೆ ಮುಖಕವಚವೂ ಇವೆಯೆಂಬ ಖಾತರಿಯನ್ನೂ ಕೇಳಬಹುದು. ಅತಿ ಕಡಿಮೆ ದರ ಕೂಗಿದವನಿಗೇ ಕೆಲಸ ಕೊಡಬೇಕೆಂಬ ಲೆಕ್ಕಪರಿಶೋಧನೆಯ ನಿಯಮ, ಯಾರ ಶ್ವಾಸಕೋಶದಿಂದ ಆ ದರ ಇಳಿಯಿತೆಂಬುದನ್ನು ಕಾಣಲಾರದು. ಅದನ್ನು ಕಾಣಬೇಕಾದವರು ಧರ್ಮದರ್ಶಿಗಳು.

ನಮ್ಮ ದೇಶದಲ್ಲಿ 1986ರ ತಿದ್ದುಪಡಿಯಿಂದ ಭಾರತೀಯ ಆನೆಯ ದಂತದ ವ್ಯಾಪಾರವೂ, 1991ರ ತಿದ್ದುಪಡಿಯಿಂದ ಆಫ್ರಿಕದಿಂದ ತರಿಸುವ ದಂತದ ವ್ಯಾಪಾರವೂ ನಿಷಿದ್ಧವಾದವು. ದಂತದ ಕುಸುರಿಗೆ ಹೆಸರಾದ ಮೈಸೂರಿನ ಬೀಟೆಮರದ ಕೆಲಸಗಾರರು ಬಿಳಿಯ ಮರ ಮತ್ತು ಪ್ಲಾಸ್ಟಿಕ್ಕಿಗೆ ಹೊರಳಿಕೊಂಡರು, ಕಲೆ ನಿಲ್ಲಲಿಲ್ಲ. ಶ್ರಾವಕಾಚಾರವು ಎಷ್ಟೋ ಶತಮಾನಗಳ ಹಿಂದೆ ಹೇಳಿದ್ದನ್ನು ಕಾನೂನು ಈಗ ಹೇಳಿದೆ. ಆದರೆ ಕಾನೂನು ಹೇಳುವುದು ತನ್ನ ಪಟ್ಟಿಯಲ್ಲಿ ಹೆಸರಿಸಿದ ಪ್ರಾಣಿಗಳ ಬಗೆಗಷ್ಟೇ. ದಂತವಾಣಿಜ್ಯದ ನಿಷೇಧವು ಹೇಳುವುದು ವಸ್ತುವೊಂದರ ಹೆಸರನ್ನಲ್ಲ. ಕೊಳ್ಳುವವನ ಹಣ ಎಲ್ಲಿಗೆ ಹೋಗಿ, ಯಾರ ಪ್ರಾಣಕ್ಕೆ ಸಂಚಕಾರವಾಗುತ್ತದೆ ಎಂಬುದನ್ನು ವಿಚಾರಿಸಿ ಕೊಳ್ಳಬೇಕೆಂಬ ವಿವೇಕವನ್ನು. ದಂತವೈದ್ಯರ ಕುರ್ಚಿಯಲ್ಲಿ ಕೂರುವ ಮುನ್ನ ಕೇಳುವ ಎರಡು ಪ್ರಶ್ನೆಗಳು, ಇದು ನಿಜಕ್ಕೂ ಬೇಕೇ, ಇದು ಯಾವುದರಿಂದ ಆದದ್ದು ಎಂಬವು, ಆ ವಿವೇಕದ ಸಣ್ಣ ಅಭ್ಯಾಸ. ಅಣುವ್ರತಗಳು ಬೆಳೆಯುವುದು ಇಂತಹ ಸಣ್ಣ ಅಭ್ಯಾಸಗಳಿಂದಲೇ.